ಹಿಂದಿನ ಟೈರ್ ಬಡವಾಗಬಾರದು

ಈ ತಿಂಗಳು ಬಂದ ಪತ್ರಗಳಲ್ಲಿ ಟೈರ್ ಸೈಜಿನ ಪ್ರಶ್ನೆಗಳೇ ಜಾಸ್ತಿ. ಹಾಸನದ ಬಿ.ಎಂ. ರಸ್ತೆಯಲ್ಲಿ ಟೈರ್ ಮತ್ತು ಅಲೈನ್‌ಮೆಂಟ್ ಅಂಗಡಿ ಇಟ್ಟು ನನಗೆ 27 ವರ್ಷ ಆಯಿತು. ಅದಕ್ಕೂ ಮೊದಲು ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ‍್ಯಾಲಿ ನಡೆದಾಗ ಸರ್ವಿಸ್ ಹುಡುಗನಾಗಿ ಹೋಗಿ, ಧೂಳಿನಲ್ಲಿ ಕೂತು ಚಕ್ರ ಬಿಚ್ಚಿ ಕಟ್ಟಿದವನು. ಹಾಗಾಗಿ ಈ ಪ್ರಶ್ನೆಗಳು ನನಗೆ ತುಂಬಾ ಹತ್ತಿರದವು. ಮೊದಲನೆಯದಕ್ಕೆ ಉದ್ದ ಉತ್ತರವೇ ಬೇಕು.

ಪ್ರಶ್ನೆ: ನನ್ನದು 2012ರ ಪೆಟ್ರೋಲ್ ಸ್ವಿಫ್ಟ್ ಝಡ್‌ಎಕ್ಸ್‌ಐ. ಕಂಪನಿಯ ಟೈರ್ ಸೈಜ್ 185/65 ಆರ್15. ಹಿಂದಿನ ಸೀಟು ತೆಗೆಸಿ ರೇಸ್ ಟ್ರ್ಯಾಕ್‌ಗೆ ಸಿದ್ಧ ಮಾಡುತ್ತಿದ್ದೇನೆ. ಮೊದಲು ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಆಮೇಲೆ ಚೆನ್ನೈ ಟ್ರ್ಯಾಕ್‌ಗೆ ಹೋಗುವ ಆಸೆ. ಒಬ್ಬ ಸ್ನೇಹಿತ ಮುಂದೆ 205 ಮಿ.ಮೀ. ಅಗಲದ್ದು, ಹಿಂದೆ 185 ಹಾಕು, ಕಾರು ಚೆನ್ನಾಗಿ ತಿರುಗುತ್ತೆ ಅಂತಾನೆ. ಇನ್ನೊಬ್ಬ ರೇಸ್ ಕಾರುಗಳ ಹಾಗೆ ಹಿಂದೆಯೇ ಅಗಲ ಇರಬೇಕು ಅಂತಾನೆ. ಯಾರ ಮಾತು ಕೇಳಲಿ?
– ಓದುಗರು, ವಿದ್ಯಾನಗರ, ಹಾಸನ

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನಾಲ್ಕೂ ಚಕ್ರಕ್ಕೆ ಒಂದೇ ಸೈಜ್, ಒಂದೇ ಕಂಪನಿ, ಒಂದೇ ಮಾದರಿಯ ಟೈರ್ ಹಾಕಿ. ನಿಮ್ಮ ಕಾರಿಗೆ 195/60 ಆರ್15 ಸಾಕು. ರಿಮ್ ಮಾತ್ರ ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ.

ಎರಡನೇ ಸ್ನೇಹಿತರ ಕಣ್ಣಿನಲ್ಲಿ ಫಾರ್ಮುಲಾ 1 ಕಾರು ಇದೆ. 2022ರಲ್ಲಿ ಅಲ್ಲಿ 18 ಇಂಚಿನ ಚಕ್ರ ಬಂದಾಗ ಮುಂದಿನ ಟೈರ್ 305 ಮಿ.ಮೀ. ಅಗಲ, ಹಿಂದಿನದು 405 ಇತ್ತು. ಆದರೆ ಅಲ್ಲಿ ಇಂಜಿನ್ ಡ್ರೈವರ್‌ನ ಬೆನ್ನ ಹಿಂದೆ, ಎಳೆತ ಹಿಂದಿನ ಚಕ್ರಕ್ಕೆ. ಭಾರ ಮತ್ತು ಶಕ್ತಿ ಎರಡೂ ಹಿಂದೆ ಇದ್ದಾಗ ರಬ್ಬರೂ ಹಿಂದೆ ಜಾಸ್ತಿ ಬೇಕು. ಇನ್ನೊಂದು ಗಮನಿಸಿ, ಅಗಲದಲ್ಲಿ 100 ಮಿ.ಮೀ. ವ್ಯತ್ಯಾಸ ಇದ್ದರೂ ಎರಡೂ ಟೈರಿನ ಎತ್ತರ 720 ಮಿ.ಮೀ. ಒಂದೇ ಇತ್ತು. ಮುಂದೆ ಹಿಂದೆ ಹೊಂದಿಸುವುದು ಅಂದರೆ ಮೊದಲು ನೋಡಬೇಕಾದ್ದು ಈ ಎತ್ತರವನ್ನು. ನಮ್ಮ ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಅಗಲವನ್ನಷ್ಟೇ ಕೇಳುತ್ತಾರೆ.

ನಿಮ್ಮ ಸ್ವಿಫ್ಟ್‌ನಲ್ಲಿ ಎಲ್ಲವೂ ತಿರುವುಮುರುವು. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಮುಂದೆ, ಎಳೆತ ಮುಂದೆ. ಕಾರು ಸಾವಿರ ಕೆ.ಜಿ. ಆಸುಪಾಸು ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 600 ಮುಂದೆ, 400 ಹಿಂದೆ. ಬ್ರೇಕ್ ಒತ್ತಿದರೆ ಇನ್ನಷ್ಟು ಭಾರ ಮುಂದಕ್ಕೆ ಬರುತ್ತದೆ. ಪಾಪ ಆ ಮುಂದಿನ ಎರಡು ಟೈರು ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಹೆಚ್ಚಿನ ಪಾಲು ಹೊರಬೇಕು. ಅದಕ್ಕೇ ಜೋರಾಗಿ ಹೋದಾಗ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಜಾರುತ್ತದೆ. ಹಾಗಾಗಿ ನಿಮ್ಮ ಮೊದಲ ಸ್ನೇಹಿತರು ಹೇಳಿದ್ದಕ್ಕೆ ಆಧಾರ ಇದೆ. ಆಡಿಯ ಹೊಸ ಆರ್‌ಎಸ್3 ಕಾರಿಗೆ ಕಂಪನಿಯವರೇ ಮುಂದೆ 265, ಹಿಂದೆ 245 ಕೊಟ್ಟಿದ್ದಾರೆ.

ಆದರೆ ಅದು ನಾಲ್ಕೂ ಚಕ್ರಕ್ಕೆ ಎಳೆತ ಇರುವ ಕಾರು. ಅದರ ಸಸ್ಪೆನ್ಷನ್, ಕಂಪ್ಯೂಟರ್ ಎಲ್ಲವನ್ನೂ ಆ ಟೈರಿಗೇ ಹೊಂದಿಸಿರುತ್ತಾರೆ. ನೀವು ಹಿಂದಿನ ಸೀಟು ಬೇರೆ ತೆಗೆದಿದ್ದೀರಿ. ಅಂದರೆ ಮೊದಲೇ ಹಗುರ ಇದ್ದ ಹಿಂಭಾಗ ಇನ್ನೂ ಹಗುರ ಆಗಿದೆ. ಅದರ ಮೇಲೆ ಅಲ್ಲಿ ಸಣ್ಣ ಟೈರ್ ಹಾಕಿದರೆ ಏನಾಗುತ್ತದೆ ಹೇಳುತ್ತೇನೆ. ಮೊದಲ ಮೂರು ಸುತ್ತು ಖುಷಿಯಾಗುತ್ತದೆ. ಕಾರು ಚುರುಕಾಗಿ ತಿರುಗುತ್ತದೆ. ನಾಲ್ಕನೇ ಸುತ್ತಿನಲ್ಲಿ ಒಂದು ತಿರುವಿಗೆ ಸ್ವಲ್ಪ ಜಾಸ್ತಿ ಜೋರಾಗಿ ಹೋಗುತ್ತೀರಿ. ಹೆದರಿಕೆಗೆ ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಎಲ್ಲ ಹೊಸಬರೂ ಹಾಗೇ ಮಾಡುವುದು. ಕಾಲು ಬಿಟ್ಟ ತಕ್ಷಣ ಭಾರ ಮುಂದಕ್ಕೆ ಬಾಗುತ್ತದೆ, ಹಿಂದಿನ ಟೈರ್ ನೆಲದ ಹಿಡಿತ ಸಡಿಲಿಸುತ್ತದೆ. ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಡುತ್ತದೆ. ಮುಂದಿನ ಟೈರ್ ಜಾರಿದರೆ ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಕಡಿಮೆ ಮಾಡಿದರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಹೊಸಬರಿಗೆ ಸಮಯವೇ ಸಿಗುವುದಿಲ್ಲ.

ಇದನ್ನು ನಾನು ನೋಡಿ ಕಲಿತವನಲ್ಲ, ಒಳಗೆ ಕೂತು ಕಲಿತವನು. 2006ರ ಮಳೆಗಾಲ. ನನ್ನ ಭಾವನ ಎಸ್ಟೀಮ್ ಕಾರು. ಹೊಸ ಟೈರ್ ಎರಡೇ ಬಂದಿತ್ತು. ಎಳೆಯುವುದು ಮುಂದಿನ ಚಕ್ರ ಅಲ್ವಾ ಅಂತ ನಾನೇ ಹೊಸದನ್ನು ಮುಂದೆ ಕಟ್ಟಿ, ಸವೆದ ಜೋಡಿಯನ್ನು ಹಿಂದೆ ಬಿಟ್ಟೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ರಸ್ತೆ ಮೇಲೆ ತೆಳ್ಳಗೆ ನೀರು ಹರಿಯುತ್ತಿತ್ತು. ವೇಗ ಐವತ್ತೂ ಇರಲಿಲ್ಲ. ಒಂದು ಎಡ ತಿರುವಿನಲ್ಲಿ ಭಾವ ಆಕ್ಸಿಲರೇಟರ್ ಬಿಟ್ಟರು. ಮರುಕ್ಷಣ ನಾವು ಬಂದ ದಾರಿಯನ್ನೇ ನೋಡುತ್ತಾ ತಡೆಗೋಡೆಗೆ ಬಡಿದಿದ್ದೆವು. ಭಾವನ ಬಲ ಮಣಿಕಟ್ಟು ಮುರಿಯಿತು. ಗೋಡೆ ಇಲ್ಲದ ತಿರುವಾಗಿದ್ದರೆ ಈ ಅಂಕಣ ಬರೆಯಲು ನಾನು ಇರುತ್ತಿರಲಿಲ್ಲ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಎರಡೇ ಹೊಸ ಟೈರ್ ಕೊಂಡರೆ ಅವು ಹಿಂದಕ್ಕೇ ಹೋಗುತ್ತವೆ. ಗಿರಾಕಿ ಜಗಳ ಆಡಿದರೂ ಸರಿ, ಕೂರಿಸಿ ವಿವರಿಸುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. 185/65 ಆರ್15 ಅಂದರೆ ಅಗಲ 185 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಆ ಅಗಲದ ಶೇ. 65, ರಿಮ್ 15 ಇಂಚು. ಒಂದು ಸೈಡ್‌ವಾಲ್ 120.25 ಮಿ.ಮೀ., ಮೇಲೆ ಕೆಳಗೆ ಸೇರಿ 240.5. ರಿಮ್ 15 ಅನ್ನು 25.4ರಿಂದ ಗುಣಿಸಿದರೆ 381. ಕೂಡಿಸಿ, ಒಟ್ಟು ಎತ್ತರ 621.5 ಮಿ.ಮೀ. ಅದೇ ರೀತಿ 195/60 ಆರ್15ಕ್ಕೆ 615 ಬರುತ್ತದೆ. ಕಂಪನಿ ಟೈರಿಗಿಂತ ಶೇ. 1ರಷ್ಟು ಕಡಿಮೆ, ಅದು ಏನೂ ಅಲ್ಲ. 195/55 ಹಾಕಿದರೆ 595.5, ಅಂದರೆ ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆ. ಕಾರು 13 ಮಿ.ಮೀ. ತಗ್ಗುತ್ತದೆ, ಎಳೆತ ಚುರುಕಾಗುತ್ತದೆ, ಆದರೆ ಸ್ಪೀಡೋಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಟ್ರ್ಯಾಕ್‌ಗಷ್ಟೇ ಇಟ್ಟ ಕಾರಾದರೆ ಅದನ್ನೂ ಹಾಕಬಹುದು. ನೀವು ಅದೇ ಕಾರನ್ನು ಓಡಿಸಿಕೊಂಡು ಹೊಳೆನರಸೀಪುರ, ಮೈಸೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿದು ಕೊಯಮತ್ತೂರಿಗೆ ಹೋಗುವವರು ಅನ್ನಿಸುತ್ತದೆ. ಅದಕ್ಕೇ 195/60 ಅಂದೆ. ಭಾರದ ಅಂಕಿ ನೋಡಲೂ ಮರೆಯಬೇಡಿ. ಸೈಜಿನ ಪಕ್ಕದಲ್ಲಿ 88 ಎಂದಿದ್ದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ. ಅದರ ಮುಂದಿನ ಅಕ್ಷರ ಎಚ್ ಆದರೆ 210 ಕಿ.ಮೀ. ವೇಗಕ್ಕೆ, ವಿ ಆದರೆ 240ಕ್ಕೆ ಮಾಡಿದ ಟೈರ್. ಟ್ರ್ಯಾಕ್‌ಗೆ ಎಚ್‌ಗಿಂತ ಕೆಳಗಿನದು ಬೇಡ.

ರಿಮ್ ವಿಷಯ. ಚಕ್ರ ಬಿಚ್ಚಿ ರಿಮ್ಮಿನ ಹಿಂಭಾಗ ಒರೆಸಿ ನೋಡಿ. 5ಜೆ, 5.5ಜೆ, 6ಜೆ ಅಂತ ಅಚ್ಚು ಇರುತ್ತದೆ. ಅದು ರಿಮ್ಮಿನ ಅಗಲ, ಇಂಚಿನಲ್ಲಿ. 185/65 ಟೈರಿಗೆ 5 ಇಂಚು ನಡೆಯುತ್ತದೆ. 195/60ಕ್ಕೆ ಕನಿಷ್ಠ 5.5 ಬೇಕು, 6 ಇದ್ದರೆ ಟೈರ್ ನೆಟ್ಟಗೆ ಕೂರುತ್ತದೆ. 205/50ಕ್ಕೆ ಸರಿಯಾದ ರಿಮ್ 6.5. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಸೈಡ್‌ವಾಲ್ ಬಲೂನಿನ ಹಾಗೆ ಉಬ್ಬುತ್ತದೆ. ತಿರುವಿನಲ್ಲಿ ರಿಮ್ ಒಂದು ಕಡೆ, ಟೈರ್ ಒಂದು ಕಡೆ ವಾಲುತ್ತದೆ. ಹಿಡಿತ ಹೆಚ್ಚುವ ಬದಲು ಕಡಿಮೆಯೇ ಆಗುತ್ತದೆ. ನಿಮ್ಮ ರಿಮ್ 5 ಇಂಚಿನದಾದರೆ 185ರಲ್ಲೇ ಒಳ್ಳೆಯ ಮೆತ್ತನೆ ರಬ್ಬರಿನ ಟೈರ್ ಕೊಂಡುಕೊಳ್ಳಿ. ಇಲ್ಲವಾದರೆ 6 ಇಂಚಿನ ನಾಲ್ಕು ರಿಮ್ಮಿಗೆ ದುಡ್ಡು ಕೂಡಿಡಿ. ಹೊಸ ರಿಮ್ ಹಾಕಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗೆ ಎಲ್ಲೂ ಉಜ್ಜುವುದಿಲ್ಲ ಅಂತ ನೋಡಿಕೊಳ್ಳಿ.

ಹಾಗಾದರೆ ಕಾರು ನೇರಕ್ಕೆ ಜಾರದಂತೆ ಏನು ಮಾಡುವುದು? ಗಾಳಿ ಬದಲಿಸಿ. ಇದಕ್ಕೆ ಖರ್ಚಿಲ್ಲ. ನಾಲ್ಕಕ್ಕೂ ತಣ್ಣಗಿದ್ದಾಗ 30 ಪಿಎಸ್‌ಐ ಇಟ್ಟು ಶುರು ಮಾಡಿ. ಟೈರಿನ ಭುಜದ ಮೇಲೆ, ಅಂದರೆ ನೆಲ ಮುಟ್ಟುವ ಭಾಗ ಮುಗಿದು ಸೈಡ್‌ವಾಲ್ ಶುರುವಾಗುವ ಕಡೆ, ಚಾಕ್‌ಪೀಸ್‌ನಿಂದ ಅಡ್ಡ ಗೆರೆ ಎಳೆಯಿರಿ. ನಾಲ್ಕೈದು ಸುತ್ತು ಹೋಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ) ಬಂದ ತಕ್ಷಣ ಗಾಳಿ ಅಳೆಯಿರಿ, ಗೆರೆ ನೋಡಿ. ಗೆರೆ ಸೈಡ್‌ವಾಲ್ ತನಕ ಅಳಿಸಿಹೋಗಿದ್ದರೆ ಟೈರ್ ವಾಲುತ್ತಿದೆ, ಗಾಳಿ ಸಾಲದು. ಭುಜದ ಅಂಚೂ ಮುಟ್ಟಿಲ್ಲವಾದರೆ ಗಾಳಿ ಜಾಸ್ತಿ. ಮುಂದಿನದನ್ನು ಹೀಗೆ ಸರಿ ಮಾಡಿದ ಮೇಲೂ ಕಾರು ನೇರಕ್ಕೇ ಹೋಗುತ್ತಿದ್ದರೆ ಹಿಂದಿನ ಟೈರಿಗೆ 2 ಪಿಎಸ್‌ಐ ಹೆಚ್ಚು ಮಾಡಿ. ಹಿಂಭಾಗ ಸ್ವಲ್ಪ ಸಡಿಲವಾಗುತ್ತದೆ, ಕಾರು ತಿರುಗುತ್ತದೆ. ಹೆದರಿಕೆ ಆದರೆ ಆ 2 ಪಿಎಸ್‌ಐ ತೆಗೆದುಬಿಡಿ. ಸಣ್ಣ ಟೈರ್ ಹಾಕಿ ಹೆದರಿಕೆ ಆದರೆ ಪಿಟ್‌ನಲ್ಲಿ ನಿಂತು ಏನನ್ನೂ ತೆಗೆಯಲು ಆಗುವುದಿಲ್ಲ.

ಹಾಸನದಲ್ಲಿ ಬೆಳಿಗ್ಗೆ ಗಾಳಿ ಹೊಡೆಸಿ ಅದನ್ನೇ ನಂಬಿ ಚೆನ್ನೈಗೆ ಹೋಗಬೇಡಿ. ಇಲ್ಲಿ 18 ಡಿಗ್ರಿಯಲ್ಲಿ 30 ಇಟ್ಟಿದ್ದು ಅಲ್ಲಿ 36 ಡಿಗ್ರಿಯಲ್ಲಿ ಚಕ್ರ ಒಂದು ಸುತ್ತೂ ತಿರುಗದೆ 30ಕ್ಕಿಂತ ಜಾಸ್ತಿ ಆಗಿರುತ್ತದೆ. ಸ್ವಂತ ಗೇಜ್ ಒಂದು ಕೊಂಡುಕೊಳ್ಳಿ. ಪಿಟ್‌ನಲ್ಲಿ ಗಾಳಿ ಇಳಿಸಿದ್ದರೆ ಊರಿಗೆ ಹೊರಡುವ ಮುಂಚೆ ಮತ್ತೆ ತುಂಬಿಸಿ.

ನಾಲ್ಕೂ ಒಂದೇ ಸೈಜ್ ಇಟ್ಟರೆ ಇನ್ನೊಂದು ಲಾಭ ಇದೆ. ನಿಮ್ಮ ಕಾರಿನಲ್ಲಿ ಮುಂದಿನ ಜೋಡಿ ಬೇಗ ಸವೆಯುತ್ತದೆ. ಗಡಿಯಾರದ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕ್ ಆದರೆ ಎಡ ಮುಂದಿನದು ಎಲ್ಲಕ್ಕಿಂತ ಬೇಗ. ಅರ್ಧ ದಿನಕ್ಕೊಮ್ಮೆ ನೋಡಿ, ಸವೆತ ಇನ್ನೂ ಕಡಿಮೆ ಇರುವಾಗಲೇ ಜಾಗ ಬದಲಿಸಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ರ‍್ಯಾಲಿಗಳಲ್ಲೂ ನಾವು ಇದನ್ನೇ ನೋಡುತ್ತಿದ್ದೆವು. ಒಂದೇ ಸೈಜ್ ಇದ್ದರೆ ಸ್ಟೆಪ್ನಿ ಯಾವ ಮೂಲೆಗಾದರೂ ಆಗುತ್ತದೆ. ಕಾಡಿನ ಮಧ್ಯೆ ಕಲ್ಲು ಬಡಿದು ಟೈರ್ ಹೋದಾಗ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ಇದು ಟ್ರ್ಯಾಕ್ ಕಾರಿನ ಪ್ರಶ್ನೆ ಅಲ್ಲ, ಕ್ಷಮಿಸಿ. ನಮ್ಮ ತೋಟದಲ್ಲಿ ಹಳೆಯ ಮಹೀಂದ್ರ ಫೋರ್‌ವೀಲ್ ಜೀಪು ಇದೆ. ಹಿಂದೆ 215/75 ಆರ್15 ಇದೆ. ಮುಂದಿನ ಟೈರ್ ಹೋದಾಗ ಮನೆಯಲ್ಲಿದ್ದ 235/75 ಆರ್15 ಜೋಡಿ ಹಾಕಿಸಿದೆವು. ಈಗ ಫೋರ್‌ವೀಲ್ ಹಾಕಿದರೆ ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ, ವಾಪಸ್ ಬರುವುದಿಲ್ಲ. ಗೇರ್‌ಬಾಕ್ಸ್ ಬಿಚ್ಚಿಸಬೇಕಾ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಕ್ಷಮೆ ಯಾಕೆ? ಮೇಲಿನದೂ ನಿಮ್ಮದೂ ಒಂದೇ ಪ್ರಶ್ನೆ. ಸದ್ಯಕ್ಕೆ ಏನನ್ನೂ ಬಿಚ್ಚಿಸಬೇಡಿ, ಟೈರ್ ಬದಲಿಸಿ.

215/75ರ ಎತ್ತರ 703.5 ಮಿ.ಮೀ., 235/75ರದ್ದು 733.5. ನೋಡಲು ಬರೀ 30 ಮಿ.ಮೀ. ಆದರೆ ಒಂದು ಕಿ.ಮೀ. ಹೋಗಲು ಹಿಂದಿನ ಚಕ್ರ ಸುಮಾರು 452 ಸುತ್ತು ತಿರುಗಬೇಕು, ಮುಂದಿನದು 434. ಫೋರ್‌ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಎರಡನ್ನೂ ಗಟ್ಟಿಯಾಗಿ ಕಟ್ಟಿಹಾಕಿ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಈ 18 ಸುತ್ತಿನ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಟಾರು, ಕಾಂಕ್ರೀಟಿನ ಮೇಲೆ ಜಾರುವುದಿಲ್ಲ. ಶಾಫ್ಟ್‌ಗಳು ಹಗ್ಗ ಹುರಿ ಹಾಕಿದಂತೆ ಬಿಗಿಯಾಗುತ್ತವೆ. ಆ ಬಿಗಿತಕ್ಕೇ ಲಿವರ್ ಬರುತ್ತಿಲ್ಲ. ಹೀಗೇ ಓಡಿಸಿದರೆ ಒಂದು ದಿನ ಯೂನಿವರ್ಸಲ್ ಜಾಯಿಂಟ್ ಅಥವಾ ಟ್ರಾನ್ಸ್‌ಫರ್ ಕೇಸಿನ ಹಲ್ಲು ಹೋಗುತ್ತದೆ.

ಸಿಕ್ಕಿಹಾಕಿಕೊಂಡಾಗ ಲಿವರನ್ನು ಬಲವಂತ ಮಾಡಬೇಡಿ. ನೇರವಾಗಿ ನಾಲ್ಕು ಮಾರು ರಿವರ್ಸ್ ಬನ್ನಿ, ಬಿಗಿತ ಬಿಚ್ಚಿಕೊಂಡು ಲಿವರ್ ತಾನಾಗಿ ಬರುತ್ತದೆ. ಆಮೇಲೆ ನಾಲ್ಕೂ ಒಂದೇ ಸೈಜ್ ಮಾಡಿ. ಒಂದೇ ಸೈಜ್ ಎಂದು ಬರೆದಿದ್ದರೂ ಕಂಪನಿಯಿಂದ ಕಂಪನಿಗೆ, ಸವೆತದಿಂದ ಸವೆತಕ್ಕೆ ವ್ಯತ್ಯಾಸ ಇರುತ್ತದೆ. ನಿಮ್ಮ ಕಾಫಿ ಕಣದಲ್ಲೇ ಪರೀಕ್ಷೆ ಮಾಡಬಹುದು. ಟೈರಿನ ಕೆಳಗೆ ಚಾಕ್‌ಪೀಸ್ ಗುರುತು ಹಾಕಿ, ನೆಲದ ಮೇಲೂ ಹಾಕಿ. ಜೀಪನ್ನು ಐದು ಸುತ್ತು ನೇರವಾಗಿ ತಳ್ಳಿ ಟೇಪ್‌ನಲ್ಲಿ ಅಳೆಯಿರಿ. ಮುಂದಿನದೂ ಹಿಂದಿನದೂ ಒಂದೇ ಉದ್ದ ಬರಬೇಕು.

ನಿಮ್ಮ ಮನಸ್ಸಿನಲ್ಲಿ ಟ್ರ್ಯಾಕ್ಟರ್ ಬಂದಿರಬಹುದು. ಫೋರ್‌ವೀಲ್ ಟ್ರ್ಯಾಕ್ಟರ್‌ನಲ್ಲಿ ಮುಂದೆ ಸಣ್ಣ ಚಕ್ರ ಇದ್ದರೂ ನಡೆಯುತ್ತದಲ್ಲ ಅಂತ. ಅಲ್ಲಿ ಮುಂದಿನ ಆಕ್ಸಲ್‌ನ ಹಲ್ಲಿನ ಲೆಕ್ಕವೇ ಬೇರೆ, ಸಣ್ಣ ಚಕ್ರವನ್ನು ಅಷ್ಟು ಜಾಸ್ತಿ ತಿರುಗಿಸುತ್ತದೆ. ಅದಕ್ಕೇ ಅಲ್ಲೂ ಮುಂದಿನ ಟೈರ್ ಸೈಜ್ ಒಂದನ್ನೇ ಬದಲಿಸಿದರೆ ಲೆಕ್ಕ ಕೆಡುತ್ತದೆ.

ಪ್ರಶ್ನೆ: ನನ್ನದು 2010ರ ಬಿಎಂಡಬ್ಲ್ಯು 330ಐ. ಮುಂದೆ 8 ಇಂಚಿನ ರಿಮ್‌ಗೆ 225/40 ಆರ್18, ಹಿಂದೆ 8.5 ಇಂಚಿನ ರಿಮ್‌ಗೆ 255/35 ಆರ್18 ಇದೆ. ಟ್ರ್ಯಾಕ್‌ನಲ್ಲಿ ಮುಂಭಾಗ ಮಾತು ಕೇಳುವುದಿಲ್ಲ. ನಾಲ್ಕಕ್ಕೂ 255 ಹಾಕಬಹುದಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಈಗಿರುವ ಮುಂದಿನ ರಿಮ್ಮಿಗೆ ಬೇಡ. 255/35ಕ್ಕೆ ಕನಿಷ್ಠ 8.5 ಇಂಚು ಬೇಕು.

ನಿಮ್ಮ ಕಾರಿನ ಜೋಡಿಯನ್ನು ಕಂಪನಿಯವರು ಎಷ್ಟು ಚಂದ ಹೊಂದಿಸಿದ್ದಾರೆ ನೋಡಿ. 225/40 ಎತ್ತರ 637.2 ಮಿ.ಮೀ., 255/35 ಎತ್ತರ 635.7. ಅಗಲ 30 ಮಿ.ಮೀ. ಬೇರೆ, ಎತ್ತರದಲ್ಲಿ ಒಂದೂವರೆ ಮಿ.ಮೀ. ಮಾತ್ರ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವುದು) ಮತ್ತು ಸ್ಟೆಬಿಲಿಟಿ ಕಂಟ್ರೋಲ್ (ಕಾರು ಅಡ್ಡ ಜಾರದಂತೆ ನೋಡಿಕೊಳ್ಳುವುದು) ನಾಲ್ಕೂ ಚಕ್ರದ ವೇಗ ಹೋಲಿಸಿ ಕೆಲಸ ಮಾಡುತ್ತವೆ. ಎತ್ತರ ತಪ್ಪಿದರೆ ಚಕ್ರ ಜಾರುತ್ತಿದೆ ಎಂದು ಅವು ಸುಮ್ನೆ ಮೋಸಹೋಗುತ್ತವೆ. ಹಿಂದೆ ಅಗಲ ಕೊಟ್ಟಿದ್ದು ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವುದರಿಂದ. ಜೊತೆಗೆ, ಸಾಮಾನ್ಯ ಡ್ರೈವರ್ ತಪ್ಪು ಮಾಡಿದರೂ ಹಿಂಭಾಗ ಮೊದಲು ಜಾರದಿರಲಿ ಎಂದು. ನಿಮಗೆ ಟ್ರ್ಯಾಕ್‌ನಲ್ಲಿ ಕಾಣುತ್ತಿರುವ ಹಟ ಅದೇ ರಕ್ಷಣೆ.

ನನ್ನ ಸಲಹೆ 235/40 ಆರ್18, ನಾಲ್ಕೂ ಚಕ್ರಕ್ಕೆ. 8ರಿಂದ 9.5 ಇಂಚಿನ ರಿಮ್ಮಿಗೆ ಆಗುವ ಟೈರ್ ಅದು, ಹಾಗಾಗಿ ಈಗಿನ ಎರಡೂ ರಿಮ್ಮಿಗೆ ಕೂರುತ್ತದೆ. ಎತ್ತರ 645.2, ಈಗಿನದಕ್ಕಿಂತ ಶೇ. ಒಂದೂವರೆಯೊಳಗೆ ಜಾಸ್ತಿ. ಟೈರ್ ಮುಂದಕ್ಕೂ ಹಿಂದಕ್ಕೂ ಬದಲಿಸಿಕೊಳ್ಳಬಹುದು. ಮುಂಭಾಗ ಮಾತು ಕೇಳುತ್ತದೆ. ಹಿಂದೆ 20 ಮಿ.ಮೀ. ಕಡಿಮೆಯಾದ್ದರಿಂದ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಮೆಲ್ಲಗೆ ಒತ್ತಬೇಕು. ಮೊದಲ ದಿನ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಬೇಡಿ. ಕಾರಿನ ಹೊಸ ಸ್ವಭಾವವನ್ನು ಕೈಮರದಿಂದ ಮೇಲೆ ಹೋಗುವ ಗಿರಿಯ ರಸ್ತೆಯಲ್ಲಿ ಪರೀಕ್ಷಿಸಲೇಬೇಡಿ. ಅಲ್ಲಿ ಎದುರಿನಿಂದ ಮಕ್ಕಳನ್ನು ಕೂರಿಸಿಕೊಂಡ ಜೀಪುಗಳು ಬರುತ್ತಿರುತ್ತವೆ.

ಪ್ರಶ್ನೆ: ಟ್ರ್ಯಾಕ್‌ಗೆಂದು ಸೆಕೆಂಡ್ ಹ್ಯಾಂಡ್ ಟೈರ್ ನಾಲ್ಕು ಸಿಗುತ್ತಿವೆ. ಬಟನ್ (ನೆಲ ಮುಟ್ಟುವ ಕಡೆಯ ರಬ್ಬರ್ ಹಲ್ಲುಗಳು) ಚೆನ್ನಾಗಿದೆ, ಬೆಲೆ ಅರ್ಧಕ್ಕಿಂತ ಕಡಿಮೆ. ತಗೊಳ್ಳಲಾ?
– ಓದುಗರು, ಅರಸೀಕೆರೆ

ಉತ್ತರ: ಬಟನ್ ನೋಡಿ ತಗೊಳ್ಳಬೇಡಿ. ಸೈಡ್‌ವಾಲ್ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಬಿಸಿಲಿಗೆ ಇಟ್ಟ ರಬ್ಬರ್ ಓಡದಿದ್ದರೂ ಗಟ್ಟಿಯಾಗುತ್ತದೆ, ಉಗುರು ಒತ್ತಿದರೆ ಗೊತ್ತಾಗುತ್ತದೆ. ಐದು ವರ್ಷ ದಾಟಿದ್ದನ್ನು ನಾನಂತೂ ಟ್ರ್ಯಾಕ್‌ಗೆ ಕಟ್ಟಿಕೊಡುವುದಿಲ್ಲ. ನಾಲ್ಕರ ತಾರೀಕೂ ಹತ್ತಿರ ಹತ್ತಿರ ಇರಬೇಕು. ಎರಡು ಹೊಸದು, ಎರಡು ಹಳೆಯದು ಆದರೆ ಸೈಜ್ ಒಂದೇ ಇದ್ದರೂ ಹಿಡಿತ ಬೇರೆ ಬೇರೆ. ಕೆಲವು ಟೈರ್‌ಗಳಲ್ಲಿ ಈ ಅಂಕಿ ಒಂದೇ ಪಕ್ಕದಲ್ಲಿ ಇರುತ್ತದೆ, ಕಾರಿಗೆ ಕಟ್ಟಿದ್ದಾಗ ಒಳಗಡೆ ಮುಚ್ಚಿಹೋಗಿರುತ್ತದೆ. ಮಾರುವವರಿಗೆ ಹೇಳಿ ಚಕ್ರ ಬಿಚ್ಚಿಸಿಯೇ ನೋಡಿ. ಒಳಪಕ್ಕದಲ್ಲಿ ಉಬ್ಬು, ಸೀಳು, ಪಂಕ್ಚರ್ ತೇಪೆ ಇದ್ದರೆ ಅದೇ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ.